ರಂಗನತಿಟ್ಟೋ, ಕೊಕ್ಕರೆ ಬೆಳ್ಳೂರೋ?

ಜೀವವೈವಿಧ್ಯ ಉಳಿಸುವುದೆಂದರೇನು ಎಂದು ಮಕ್ಕಳಿಗೆ ತೋರಿಸಲು ಒಂದೇ ಭಾನುವಾರವಿದ್ದರೆ ಎಲ್ಲಿಗೆ ಹೋಗಬೇಕು?

ರಂಗನತಿಟ್ಟು ಸುಲಭ. ಶ್ರೀರಂಗಪಟ್ಟಣದ ಪಕ್ಕದಲ್ಲೇ ಇದೆ. ದೋಣಿ, ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆ, ಕಾವೇರಿಯ ನಡುಗಡ್ಡೆಗಳ ತುಂಬ ಹಕ್ಕಿಗಳು. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾಯಿತು, 2022ರಲ್ಲಿ ರಾಮ್ಸಾರ್ ತಾಣವೂ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ) ಆಯಿತು. ನೀರು, ಮೀನು, ಹಕ್ಕಿ, ಮೊಸಳೆ ಎಂಬ ಆಹಾರ ಸರಪಳಿ ಒಂದೇ ನೋಟಕ್ಕೆ ಸಿಗುತ್ತದೆ. ಮಳೆಗಾಲದಲ್ಲಿ ಹೊಳೆ ತುಂಬಿದರೆ ಮಾತ್ರ ದೋಣಿ ನಿಲ್ಲುತ್ತದೆ.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ದೋಣಿಯೂ ಇಲ್ಲ, ಮೊಸಳೆಯೂ ಇಲ್ಲ. ಊರೊಳಗಿನ ಹುಣಸೆ ಮರಗಳಲ್ಲೇ ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆಗಳ ಗೂಡು. ಕೆಳಗೆ ಅಂಗಳ, ದನದ ಕೊಟ್ಟಿಗೆ. ಮೇಲಿಂದ ಹಿಕ್ಕೆ, ಮೀನಿನ ವಾಸನೆ. (ಟೋಪಿ ಮರೆಯಬೇಡಿ.) ಗೂಡಿರುವ ಮರದ ಹುಣಸೆಯನ್ನು ಜನ ಬಿಟ್ಟುಕೊಡುತ್ತಾರೆ, ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ, ಹಿಕ್ಕೆ ಹೊಲಕ್ಕೆ ಗೊಬ್ಬರವಾಗುತ್ತದೆ. 2007ರಿಂದ ಇದು ಸಮುದಾಯ ಮೀಸಲು ಪ್ರದೇಶ. ಡಿಸೆಂಬರಿನಿಂದ ಮೇ ಒಳಗೆ ಹೋಗಬೇಕು, ಉಳಿದಾಗ ಬರೀ ಮರ.

ಫೋಟೊ ಬೇಕಾದರೆ ರಂಗನತಿಟ್ಟು. ಆದರೆ ಬೇಲಿಯಿಲ್ಲದೆ ಹಕ್ಕಿ ಉಳಿದದ್ದು ಹೇಗೆ ಎಂದು ಮಗು ಕೇಳಬೇಕಾದರೆ, ನಾನಂತೂ ಬೆಳ್ಳೂರಿನ ಬಸ್ ಹತ್ತುತ್ತೇನೆ.