ಟೀಚರ್ ಆಗುತ್ತೇನೆ ಎಂದವಳಿಗೆ ಯಾವ ಕಾಲೇಜು?

ಪಿಯು ಮುಗಿಸಿ ಶಿಕ್ಷಕಿಯಾಗಲು ಕರ್ನಾಟಕದಲ್ಲಿ ಮುಖ್ಯವಾಗಿ ಮೂರು ದಾರಿಗಳಿವೆ. ಪ್ರಾಥಮಿಕ ಶಾಲೆಯಲ್ಲಿ ಕಲಿಸುವವರಿಗಾಗಿ ಇರುವ ಎರಡು ವರ್ಷದ ಡಿಪ್ಲೊಮಾ, ಡಿ.ಎಲ್.ಇಡಿ. ಒಂದು. ಮೂರು ವರ್ಷದ ಪದವಿ ಮುಗಿಸಿ, ಆಮೇಲೆ ಎರಡು ವರ್ಷದ ಬಿ.ಎಡ್. ಇನ್ನೊಂದು. ಪದವಿ, ಬಿ.ಎಡ್. ಎರಡನ್ನೂ ಒಟ್ಟಿಗೆ ಕೊಡುವ ನಾಲ್ಕು ವರ್ಷದ ಸಂಯೋಜಿತ ಕೋರ್ಸು ಮೂರನೆಯದು. ಗಣಿತದಲ್ಲಿ ಚುರುಕಾಗಿದ್ದೂ ಎಂಜಿನಿಯರಿಂಗ್ ಬೇಡವೆಂದು ಹಟ ಹಿಡಿದಿರುವ ಅಕ್ಕನ ಮಗಳನ್ನು ಕರೆದುಕೊಂಡು ಈ ಮೂರನ್ನೂ ಹತ್ತಿರದಿಂದ ನೋಡಿ ಬಂದೆ. ನಾನು ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುವವಳು. ಭಾವ ‘ನಿನ್ನ ಕಸುಬು, ನೀನೇ ನೋಡು’ ಎಂದು ಈ ಕೆಲಸವನ್ನು ನನ್ನ ಕೊರಳಿಗೆ ಕಟ್ಟಿದ್ದರು.

ಹೊರಡುವ ಮೊದಲೇ ಒಂದು ತೀರ್ಮಾನ ಮಾಡಿಕೊಂಡಿದ್ದೆ. ಕಟ್ಟಡ, ಪ್ರಯೋಗಾಲಯ, ಗೋಡೆಗೆ ತೂಗುಹಾಕಿದ ರ‍್ಯಾಂಕ್ ವಿಜೇತರ ಫೋಟೊ ಇವುಗಳಿಗೆ ಅಂಕ ಕೊಡುವುದಿಲ್ಲ. ಓದುತ್ತಿರುವ ಯಾರಾದರೊಬ್ಬರ ಪಾಠ ಯೋಜನೆಯ ಪುಸ್ತಕ ಕೇಳಿ ಪಡೆದು, ಅವರು ಅಭ್ಯಾಸಕ್ಕೆಂದು ಪಾಠ ಮಾಡುವಾಗ ಹಿಂದೆ ಕೂತು ನೋಡಿದ ವೀಕ್ಷಕರು ಅದರಲ್ಲಿ ಬರೆದ ಷರಾ ಓದುತ್ತೇನೆ. ಕಾಲೇಜು ಶಿಕ್ಷಕರನ್ನು ತಯಾರು ಮಾಡುತ್ತಿದೆಯೋ ಪ್ರಮಾಣಪತ್ರವನ್ನೋ ಎಂಬುದು ಅಲ್ಲಿ ಗೊತ್ತಾಗುತ್ತದೆ.

ಮೊದಲಿಗೆ ಡಿ.ಎಲ್.ಇಡಿ. ಹಿಂದೆ ಟಿ.ಸಿ.ಎಚ್. ಎನ್ನುತ್ತಿದ್ದರು, ನಂತರ ಡಿ.ಎಡ್. ಆಯಿತು. ಪಿಯುದಲ್ಲಿ ಶೇ 50 ಅಂಕ ಬೇಕು, ಪರಿಶಿಷ್ಟರಿಗೆ ರಿಯಾಯಿತಿ ಇದೆ. ಜಿಲ್ಲೆಯ ಸರ್ಕಾರಿ ಶಿಕ್ಷಕರ ತರಬೇತಿ ಸಂಸ್ಥೆಯಾದ ಡಯಟ್‌ನಲ್ಲೇ ಓದಬಹುದು, ಖರ್ಚು ಕಡಿಮೆ, ಕಲಿಸುವುದು ಕನ್ನಡದಲ್ಲಿ. ಇದನ್ನು ಹಗುರವಾಗಿ ಕಾಣುವವರು ಒಂದು ಮಾತು ನೆನಪಿಡಬೇಕು. 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ 1ರಿಂದ 5ನೇ ತರಗತಿಗೆ ಕಲಿಸಲು ಬಿ.ಎಡ್. ಅರ್ಹತೆಯಲ್ಲ ಎಂದು ಸ್ಪಷ್ಟವಾಗಿ ಹೇಳಿತು, ಬಿ.ಎಡ್. ಆದವರಿಗೂ ಬಾಗಿಲು ತೆರೆದಿದ್ದ 2018ರ ಎನ್‌ಸಿಟಿಇ (ಶಿಕ್ಷಕರ ಶಿಕ್ಷಣದ ರಾಷ್ಟ್ರೀಯ ಮಂಡಳಿ) ಅಧಿಸೂಚನೆ ಬಿದ್ದುಹೋಯಿತು. ಎಳೆಯ ಮಕ್ಕಳಿಗೆ ಕಲಿಸುವುದು ಬೇರೆಯದೇ ವಿದ್ಯೆ ಎಂದು ನಾವು ಸ್ಟಾಫ್ ರೂಮಿನಲ್ಲಿ ಬಹಳ ದಿನದಿಂದ ಹೇಳಿಕೊಂಡು ಬಂದದ್ದೇ ತೀರ್ಪಿನಲ್ಲೂ ಬಂತು.

ಅದು ಬೇರೆ ವಿದ್ಯೆ ಏಕೆ ಎಂಬುದನ್ನು ಹುಡುಗಿ ಕಣ್ಣಾರೆ ನೋಡಲಿ ಎಂದು ಪರಿಚಯದ ಸರ್ಕಾರಿ ಶಾಲೆಯೊಂದರ ನಲಿ-ಕಲಿ ಕೊಠಡಿಯಲ್ಲಿ ಕೂರಿಸಿದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ಪದ್ಧತಿ ಇದು. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪು ಗುಂಪಾಗಿ ಕೂತಿದ್ದರು. ಗೋಡೆಯ ಮೇಲೆ ಕಲಿಯಬೇಕಾದ್ದನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ ಕಲಿಕಾ ಏಣಿ, ತಲೆಯ ಮೇಲೆ ದಾರ ಕಟ್ಟಿ ಮಾಡಿದ ಚಪ್ಪರ, ಅದರಲ್ಲಿ ತೂಗಾಡುವ ಮಕ್ಕಳ ಚಿತ್ರಗಳು. ಒಬ್ಬ ಹುಡುಗ ಏಣಿಯಲ್ಲಿ ತನ್ನ ಮೆಟ್ಟಿಲು ಹುಡುಕಿ, ಅದರ ಕಾರ್ಡು ತಂದು, ತನ್ನ ಗುಂಪು ಯಾವುದೆಂದು ನೋಡಿ ಹೋಗಿ ಕೂತ. ಅಷ್ಟರಲ್ಲಿ ಟೀಚರ್ ಒಂದು ಮಗುವಿನ ಮೂಗು ಒರೆಸಿ, ಇನ್ನೊಬ್ಬನಿಗೆ ‘ಳ’ ತಿದ್ದಿಸಿ, ಮೂರನೆಯವನ ಪೆನ್ಸಿಲ್ ಜಗಳ ಬಗೆಹರಿಸಿದ್ದರು. ನಮ್ಮ ಹುಡುಗಿ ಅರ್ಧ ಗಂಟೆಯಲ್ಲೇ ಹಣೆ ಒತ್ತಿಕೊಂಡಳು. ಅದೇ ಶಾಲೆಯ ಏಳನೇ ತರಗತಿಯಲ್ಲಿ ಮಾತ್ರ ತಾನಾಗಿಯೇ ಎದ್ದು ಹೋಗಿ ಕಪ್ಪು ಹಲಗೆಯ ಮೇಲೆ ಸರಳ ಸಮೀಕರಣ ಬಿಡಿಸಿ ತೋರಿಸಿದಳು.

ಡಿ.ಎಲ್.ಇಡಿ. ನಮ್ಮ ಪಟ್ಟಿಯಿಂದ ಬಿದ್ದದ್ದು ಆಗಲೇ. ಕೋರ್ಸಿನ ಕೊರತೆಯಿಂದಲ್ಲ, ಅವಳ ಒಲವಿನಿಂದ. ಇದರ ಜೊತೆಗೆ ಇನ್ನೊಂದು ಲೆಕ್ಕವೂ ಇದೆ. 2022ರಲ್ಲಿ ರಾಜ್ಯ ಸರ್ಕಾರ ಕರೆದ 15,000 ಹುದ್ದೆಗಳು 6ರಿಂದ 8ನೇ ತರಗತಿಯ ಪದವೀಧರ ಶಿಕ್ಷಕರದ್ದು. ಡಿ.ಎಲ್.ಇಡಿ. ಮಾಡಿದವರೂ ಅಲ್ಲಿಗೆ ಹೋಗಲು ಪದವಿ ಬೇಕು. ಹಾಗಾಗಿ ಎರಡೇ ವರ್ಷದಲ್ಲಿ ಮುಗಿಯಿತು ಎಂಬ ಸಂಭ್ರಮ ಪೂರ್ತಿ ನಿಜವಲ್ಲ. ಮುಂದೆ ಪದವಿ ಮಾಡುವ ಮನಸ್ಸಿಟ್ಟುಕೊಂಡೇ ಸೇರಬೇಕು.

ಎರಡನೆಯ ದಾರಿ ನಾನು ನಡೆದದ್ದು: ಬಿ.ಎಸ್‌ಸಿ., ನಂತರ ಬಿ.ಎಡ್. ನನ್ನ ಕಾಲಕ್ಕೆ ಬಿ.ಎಡ್. ಒಂದೇ ವರ್ಷದ್ದು. 2014ರ ಎನ್‌ಸಿಟಿಇ ನಿಯಮದಿಂದ ಎರಡು ವರ್ಷವಾಯಿತು, ಶಾಲೆಯಲ್ಲಿ ಕಳೆಯಬೇಕಾದ ಇಂಟರ್ನ್‌ಶಿಪ್ 20 ವಾರಕ್ಕೆ ಏರಿತು. ಇಪ್ಪತ್ತು ವಾರವೆಂದರೆ ಒಂದು ತರಗತಿಯ ಜೊತೆ ಕಿರುಪರೀಕ್ಷೆ, ಹಬ್ಬ, ಪೋಷಕರ ಸಭೆ ಎಲ್ಲವನ್ನೂ ದಾಟುವಷ್ಟು ಕಾಲ. ಪ್ರಾಮಾಣಿಕವಾಗಿ ನಡೆದರೆ ಅದಕ್ಕಿಂತ ಒಳ್ಳೆಯ ಪಾಠ ಬೇರೆ ಇಲ್ಲ.

ನಡೆಯುತ್ತದೆಯೇ ಎಂಬುದೇ ಪ್ರಶ್ನೆ. ನಾವು ಹೋದ ಒಂದು ಖಾಸಗಿ ಕಾಲೇಜಿನ ಕಚೇರಿಯಲ್ಲಿ ಕೂತಿದ್ದವರು, ನಾವು ಕೇಳುವ ಮೊದಲೇ, ‘ಹಾಜರಾತಿಯ ಚಿಂತೆ ಬೇಡ ಮೇಡಂ, ಬೇರೆ ಕಡೆ ಕೆಲಸ ಮಾಡುತ್ತಲೇ ಬಿ.ಎಡ್. ಮುಗಿಸಬಹುದು, ಪರೀಕ್ಷೆಗೆ ಬಂದರಾಯಿತು’ ಎಂದರು. ಇದನ್ನು ಸೌಲಭ್ಯವೆಂಬಂತೆ ಹೇಳಿದರು! ಅಲ್ಲಿನ ಪಾಠ ಯೋಜನೆಯ ಪುಸ್ತಕ ತೆರೆದರೆ ಪುಟಪುಟಕ್ಕೂ ಒಂದೇ ಶಾಯಿ, ಒಂದೇ ಸಹಿ, ಒಂದೇ ಷರಾ: ‘ಉತ್ತಮ. ಕಪ್ಪು ಹಲಗೆಯ ಬಳಕೆ ಸುಧಾರಿಸಬೇಕು.’ ಪೈಥಾಗೊರಸ್ ಪ್ರಮೇಯಕ್ಕೂ ಅದೇ, ಸಂಖ್ಯಾಶಾಸ್ತ್ರಕ್ಕೂ ಅದೇ. ದಿನಾಂಕ ನೋಡಿದರೆ ಹಲವು ಪಾಠಗಳು ಒಂದೇ ಮಧ್ಯಾಹ್ನ ನಡೆದುಹೋಗಿವೆ. ಹುಡುಗಿ ಹೊರಗೆ ಬಂದ ಮೇಲೆ ‘ಚಿಕ್ಕಮ್ಮ, ಇವರು ಯಾವ ಶಾಲೆಗೆ ಹೋಗಿದ್ದರು?’ ಎಂದು ಕೇಳಿದಳು. ಸರಿಯಾದ ಪ್ರಶ್ನೆ. ಬಿ.ಎಡ್. ಕಾಲೇಜು ನೋಡಲು ಹೋಗುವವರು ಇದೊಂದನ್ನು ಕೇಳಿದರೂ ಸಾಕು: ನಿಮ್ಮ ವಿದ್ಯಾರ್ಥಿಗಳು ಈ ವಾರ ಯಾವ ಶಾಲೆಯಲ್ಲಿದ್ದಾರೆ, ನಾವು ಹೋಗಿ ನೋಡಬಹುದೇ? ಉತ್ತರ ಕೊಡಲು ತಡವರಿಸಿದರೆ ಅಲ್ಲಿಂದ ಎದ್ದು ಬನ್ನಿ. ಎಲ್ಲ ಕಾಲೇಜುಗಳೂ ಹೀಗಿಲ್ಲ. ನಾನು ಓದಿದ ಕಾಲೇಜಿನಲ್ಲಿ ಉಪನ್ಯಾಸಕರು ಹಿಂದಿನ ಬೆಂಚಿನಲ್ಲಿ ಕೂತರೆ ನಮ್ಮ ಅಂಗೈ ಬೆವರುತ್ತಿತ್ತು.

ಈ ದಾರಿಯ ದೊಡ್ಡ ಗುಣವೆಂದರೆ ಹದಿನೇಳರ ವಯಸ್ಸಿನಲ್ಲೇ ಎಲ್ಲವನ್ನೂ ಬರೆದುಕೊಡಬೇಕಿಲ್ಲ. ಪದವಿಯ ಮೂರು ವರ್ಷದಲ್ಲಿ ಮನಸ್ಸು ಬದಲಾದರೆ ಎಂ.ಎಸ್‌ಸಿ.ಗೆ ಹೋಗಬಹುದು, ಬ್ಯಾಂಕ್ ಪರೀಕ್ಷೆ ಬರೆಯಬಹುದು. ಒಂದು ಎಚ್ಚರಿಕೆ: ಯಾವ ವಿಷಯದ ಶಿಕ್ಷಕಿಯಾಗಬೇಕೋ ಆ ವಿಷಯ ಪದವಿಯಲ್ಲಿ ಇರಲೇಬೇಕು. ಗಣಿತ ಶಿಕ್ಷಕಿಯಾಗುವವಳು ಅಂಕ ಸುಲಭವಾಗಿ ಬರುತ್ತದೆಂದು ಗಣಿತವಿಲ್ಲದ ಕಾಂಬಿನೇಷನ್ ತೆಗೆದುಕೊಂಡರೆ ನೇಮಕಾತಿಯ ಅರ್ಜಿ ತುಂಬುವಾಗ ಕೈ ಕೈ ಹಿಸುಕಿಕೊಳ್ಳಬೇಕಾಗುತ್ತದೆ.

ಇನ್ನು ನಾಲ್ಕು ವರ್ಷದ ಸಂಯೋಜಿತ ಕೋರ್ಸು. 2020ರ ರಾಷ್ಟ್ರೀಯ ಶಿಕ್ಷಣ ನೀತಿ 2030ರ ಹೊತ್ತಿಗೆ ಶಿಕ್ಷಕರ ಕನಿಷ್ಠ ಅರ್ಹತೆ ಇದೇ ಆಗಬೇಕೆಂದು ಹೇಳಿದ ಮೇಲೆ ಎಲ್ಲರೂ ಇದರ ಮಾತಾಡುತ್ತಿದ್ದಾರೆ. ಆದರೆ ಮೈಸೂರಿಗೆ ಇದು ಹೊಸದೇನಲ್ಲ. ಮಾನಸಗಂಗೋತ್ರಿಯ ಪಕ್ಕದಲ್ಲಿರುವ ಪ್ರಾದೇಶಿಕ ಶಿಕ್ಷಣ ಸಂಸ್ಥೆ, ಅಂದರೆ ಕೇಂದ್ರದ ಪಠ್ಯಪುಸ್ತಕ ತಯಾರಿಸುವ ಎನ್‌ಸಿಇಆರ್‌ಟಿಯ ಆರ್‌ಐಇ, 1963ರಿಂದ ಇದೆ. ಪದವಿ ಮತ್ತು ಬಿ.ಎಡ್. ಕೂಡಿಸಿ ಕಲಿಸುವುದರಲ್ಲಿ ಅದು ಪಳಗಿದ ಕೈ. ಪಾಠ ಮಾಡಿ ಕಲಿಯಲು ಆವರಣದೊಳಗೇ ಡೆಮಾನ್‌ಸ್ಟ್ರೇಷನ್ ಶಾಲೆ ಇದೆ. ದಕ್ಷಿಣದ ಎಲ್ಲ ರಾಜ್ಯಗಳ ಮಕ್ಕಳೂ ಬರುತ್ತಾರೆ, ಪಾಠ ಇಂಗ್ಲಿಷಿನಲ್ಲಿ.

ಅಲ್ಲಿ ಓದುತ್ತಿರುವ ನನ್ನ ಹಳೆಯ ವಿದ್ಯಾರ್ಥಿನಿ ತನ್ನ ಪಾಠ ಯೋಜನೆಯ ಪುಸ್ತಕ ತೋರಿಸಿದಳು. ಭಿನ್ನರಾಶಿಯ ಪಾಠ. ಒಬ್ಬ ಹುಡುಗ 3/4 + 1/2 = 4/6 ಎಂದಿದ್ದ. ಇವಳು ‘ತಪ್ಪು’ ಎಂದು ಕೂರಿಸಿ ಮುಂದೆ ಹೋಗಿದ್ದಳು. ವೀಕ್ಷಕರು ಅಂಚಿನಲ್ಲಿ ಬರೆದಿದ್ದರು: ಹೇಗೆ ಮಾಡಿದೆ ಎಂದು ಅವನನ್ನು ಕೇಳಲಿಲ್ಲವೇಕೆ? ಉತ್ತರ ಮುಕ್ಕಾಲಿಗಿಂತ ಹೆಚ್ಚೋ ಕಡಿಮೆಯೋ ಎಂದು ಅವನೇ ನೋಡುವಂತೆ ಮಾಡಬಹುದಿತ್ತಲ್ಲ? ಮುಕ್ಕಾಲಿಗೆ ಅರ್ಧ ಕೂಡಿಸಿದರೆ ಮುಕ್ಕಾಲಿಗಿಂತ ಕಡಿಮೆ ಬಂತು ಎಂದು ಗೊತ್ತಾದ ಕ್ಷಣ ಆ ಹುಡುಗ ತಾನೇ ತಿದ್ದಿಕೊಳ್ಳುತ್ತಿದ್ದ. ಇಷ್ಟು ವರ್ಷ ಕಲಿಸಿದ ನನಗೂ ಆ ಷರಾ ಓದಿ ಸಂತೋಷವಾಯಿತು. ಮಾರನೆಯ ವಾರ ನನ್ನ ತರಗತಿಯಲ್ಲೂ ಬಳಸಿಕೊಂಡೆ.

ಸರ್ಜಾಪುರದ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲೂ ನಾಲ್ಕು ವರ್ಷದ ಬಿ.ಎಸ್‌ಸಿ. ಬಿ.ಎಡ್. ಇದೆ. ಪ್ರವೇಶಕ್ಕೆ ಅವರದೇ ಪರೀಕ್ಷೆ, ಆಮೇಲೆ ಸಂದರ್ಶನ. ಶುಲ್ಕದ ಪಟ್ಟಿ ನೋಡಿ ಅಕ್ಕ ಹೌಹಾರಿದಳು. ಆದರೆ ಕುಟುಂಬದ ಆದಾಯ ನೋಡಿ ಪೂರ್ಣವಾಗಿಯೋ ಭಾಗಶಃವೋ ವಿನಾಯಿತಿ ಕೊಡುತ್ತಾರೆ. ಆ ಅರ್ಜಿ ತುಂಬದೆ ‘ನಮ್ಮಂಥವರಿಗಲ್ಲ’ ಎಂದು ತಿರುಗಿ ಬರಬಾರದು. ಸರ್ಕಾರಿ ಶಾಲೆಗಳ ಜೊತೆ ಇದರ ಹಿಂದಿರುವ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ಒಡನಾಟ ಹಳೆಯದು, ಅದರ ಗಾಳಿ ಕಾಲೇಜಿನಲ್ಲೂ ಬೀಸುತ್ತದೆ. ಆರ್‌ಐಇಗಿಂತ ಇಲ್ಲಿ ಚರ್ಚೆ, ಬರವಣಿಗೆ ಹೆಚ್ಚು ಎನಿಸಿತು. ಕನ್ನಡ ಮಾಧ್ಯಮದಿಂದ ಬಂದವರಿಗೆ ಮೊದಲ ವರ್ಷ ಉಸಿರು ಕಟ್ಟಬಹುದು.

ಸಂಯೋಜಿತ ಕೋರ್ಸಿನ ದೋಷಗಳನ್ನೂ ಹೇಳಬೇಕು. ಒಂದು ವರ್ಷ ಉಳಿಯುತ್ತದೆ, ನಿಜ. ಆದರೆ ಎರಡನೇ ವರ್ಷದಲ್ಲಿ ‘ಇದು ನನಗಲ್ಲ’ ಎನಿಸಿದರೆ ಹೊರಬರುವ ಬಾಗಿಲು ಕಿರಿದು. ಸೀಟುಗಳು ಕಡಿಮೆ. ಕೇಂದ್ರದ ಹೊಸ ನೀತಿಯಂತೆ ನಡೆಯುವ ಸಂಯೋಜಿತ ಕೋರ್ಸುಗಳಿಗೆ (ಐಟೆಪ್ ಎನ್ನುತ್ತಾರೆ) ಎನ್‌ಸಿಇಟಿ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆಯಬೇಕು: ಭಾಷೆ, ಆಯ್ದ ವಿಷಯಗಳು, ಸಾಮಾನ್ಯ ಜ್ಞಾನ, ಬೋಧನಾ ಅಭಿರುಚಿ. ಕನ್ನಡದಲ್ಲೂ ಬರೆಯಬಹುದು. 2024ರಲ್ಲಿ ಜೂನ್ 12ರ ಪರೀಕ್ಷೆ ಮುಂದಕ್ಕೆ ಹೋಗಿ ಜುಲೈ 10ರಂದು ನಡೆಯಿತು. ಅಷ್ಟು ಹೊತ್ತಿಗೆ ನಮ್ಮ ಪದವಿ ಕಾಲೇಜುಗಳಲ್ಲಿ ಪ್ರವೇಶ ಜೋರಾಗಿ ಸಾಗಿರುತ್ತದೆ. ಇದೊಂದನ್ನೇ ನಂಬಿ ಕೂತರೆ ಎರಡೂ ಕೈ ತಪ್ಪಬಹುದು.

ನಾವು ಮಾಡಿಕೊಂಡ ಕ್ರಮ ಹೀಗಿದೆ. ಮೊದಲು ಆರ್‌ಐಇ, ಅದಕ್ಕಾಗಿ ಎನ್‌ಸಿಇಟಿ. ಎರಡನೆಯದು ಸರ್ಜಾಪುರ, ವಿದ್ಯಾರ್ಥಿವೇತನದ ಅರ್ಜಿಯೊಂದಿಗೆ. ಎರಡೂ ಸಿಗದಿದ್ದರೆ ಊರಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಗಣಿತವಿರುವ ಬಿ.ಎಸ್‌ಸಿ. ಅದಕ್ಕೆ ಅರ್ಜಿ ಮೊದಲೇ ಹಾಕಿಡುವುದು, ಬಿ.ಎಡ್. ಕಾಲೇಜನ್ನು ಮೂರು ವರ್ಷದ ನಂತರ ಮತ್ತೆ ಪಾಠ ಯೋಜನೆಯ ಪುಸ್ತಕ ನೋಡಿಯೇ ಆರಿಸುವುದು. ಯಾವ ದಾರಿಯಲ್ಲಿ ಹೋದರೂ 8ನೇ ತರಗತಿಯವರೆಗಿನ ಸರ್ಕಾರಿ ಹುದ್ದೆಗೆ ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ, ತಪ್ಪಿದ್ದಲ್ಲ. ಅದು ಆಮೇಲಿನ ಮಾತು.

ಹುಡುಗಿ ಎನ್‌ಸಿಇಟಿಯ ಹಳೆಯ ಪ್ರಶ್ನೆಪತ್ರಿಕೆ ಹಿಡಿದು ಕೂತಿದ್ದಾಳೆ. ಮಗಳನ್ನು ಹಾಸ್ಟೆಲಿಗೆ ಕಳುಹಿಸುವ ವಿಷಯ ಅಕ್ಕ, ಭಾವ ಇನ್ನೂ ಇತ್ಯರ್ಥ ಮಾಡಿಕೊಂಡಿಲ್ಲ. ಆ ಪಂಚಾಯಿತಿಗೆ ಮಾತ್ರ ನನ್ನನ್ನು ಕರೆಯಬೇಡಿ ಎಂದು ಹೇಳಿದ್ದೇನೆ.