ವಾರಾಂತ್ಯದ ಉದ್ದನೆಯ ಓಟ: ಒಬ್ಬರೇನಾ, ಕ್ಲಬ್ ಜೊತೆಗಾ?

ಒಂದು ಗಂಟೆ ದಾಟುವ ಓಟವಾದರೆ ನನ್ನ ಮತ ಗುಂಪಿಗೆ. ಕಾರಣ, ವೇಗ. ಉದ್ದನೆಯ ಓಟ ನಿಧಾನವಾಗಿರಬೇಕು, ಓಡುತ್ತಲೇ ಪೂರ್ತಿ ವಾಕ್ಯ ಮಾತಾಡುವಷ್ಟು ಉಸಿರು ಉಳಿದಿರಬೇಕು. ಒಬ್ಬರೇ ಇದ್ದಾಗ ಗೊತ್ತಾಗದೆ ವೇಗ ಏರಿಬಿಡುತ್ತದೆ. ಪಕ್ಕದಲ್ಲಿ ಹರಟುವವರಿದ್ದರೆ ಆ ಪರೀಕ್ಷೆ ತಾನಾಗಿಯೇ ನಡೆಯುತ್ತದೆ. ನೀವು ಬರೀ ‘ಹೂಂ’, ‘ಹೌದು’ ಅಂತಿದ್ದೀರಿ ಅಂದ್ರೆ ಜಾಸ್ತಿ ಜೋರಾಯಿತು ಅಂತಲೇ ಅರ್ಥ.

ಆದರೆ ಗುಂಪು ನಿಮಗೆ ಹೊಂದಬೇಕು ಅಲ್ವಾ? ಕಿಲೋಮೀಟರಿಗೆ 6 ನಿಮಿಷದ ಗುಂಪೋ, 7 ನಿಮಿಷದ್ದೋ ಎಂಬ ಅನುಮಾನವಿದ್ದರೆ ಮೊದಲ ದಿನ 7ರ ಜೊತೆ ಹೋಗಿ. ಹಿಂದೆ ಬಿದ್ದವರ ಜೊತೆ ಯಾರಾದರೂ ಇರುತ್ತಾರಾ ಎಂದು ಮೊದಲೇ ಕೇಳಿ. ಇಲ್ಲ ಅಂದರೆ ಬೇರೆ ಕ್ಲಬ್ ನೋಡಿ.

ಪೆಟ್ಟಾಗಿ ಈಗಷ್ಟೇ ಚೇತರಿಸಿಕೊಳ್ಳುತ್ತಿದ್ದರೆ, ಅಥವಾ ಮನೆಗೆ ಬೇಗ ವಾಪಸಾಗಬೇಕಿದ್ದರೆ ಒಬ್ಬರೇ ಓಡುವುದೇ ಒಳ್ಳೆಯದು. ಬೇಕಾದಾಗ ನಿಲ್ಲಬಹುದು, ಯಾರಿಗೂ ಕಾಯಬೇಕಿಲ್ಲ.

ಇನ್ನು ಓಟದ ನಂತರದ ತಿಂಡಿ. ಅದಕ್ಕೆ ಇನ್ನೊಂದು ಗಂಟೆ ಹೋಗುತ್ತದೆ, ನಿಜ. ಆದರೂ ಹೊಸಬರು ಅದನ್ನು ತಪ್ಪಿಸಬಾರದು. ಓಡುವಾಗ ಪಕ್ಕದ ಒಬ್ಬಿಬ್ಬರು ಮಾತ್ರ ಪರಿಚಯವಾಗುತ್ತಾರೆ. ಮೇಜಿನ ಸುತ್ತ ಕೂತಾಗ ವೇಗದವರೂ ನಿಧಾನದವರೂ ಒಂದೇ. ಮೊಣಕಾಲು ನೋವಿನ ಮಾತು, ಮುಂದಿನ ವಾರದ ದಾರಿ ಎಲ್ಲ ಅಲ್ಲೇ ಬರುತ್ತದೆ. ಒಣ ಟೀ ಶರ್ಟ್ ಒಂದು ಬ್ಯಾಗಿನಲ್ಲಿರಲಿ, ಬೆವರಿದ ಬಟ್ಟೆಯಲ್ಲಿ ಕೂತರೆ ಹತ್ತೇ ನಿಮಿಷಕ್ಕೆ ಚಳಿ ಹಿಡಿಯುತ್ತದೆ.