ಸ್ಕ್ವಾಲೇನ್ ಎಣ್ಣೆ: ಎರಡು ವರ್ಷ ದಿನವೂ ಬಳಸಿದ ಮೇಲೆ

ಸ್ಕ್ವಾಲೇನ್ ಹಚ್ಚಿದರೂ ಮುಖ ಬಿಗಿಬಿಗಿ ಎನ್ನುತ್ತಿದೆಯೇ? ಹಾಗಿದ್ದರೆ ಹಚ್ಚುವಾಗ ಮುಖ ಒದ್ದೆಯಾಗಿತ್ತೇ, ಒಣಗಿತ್ತೇ ಎಂಬುದನ್ನು ಮೊದಲು ನೋಡಿಕೊಳ್ಳಿ. ಈ ಎಣ್ಣೆಯಲ್ಲಿ ಒಂದು ಹನಿ ನೀರೂ ಇಲ್ಲ. ಚರ್ಮದಲ್ಲಿರುವ ನೀರು ಬೇಗ ಆರದಂತೆ ತಡೆಯುವುದು, ಒರಟಾದ ಮೇಲ್ಪದರವನ್ನು ನುಣುಪಾಗಿಸುವುದು ಇದರ ಕೆಲಸ. ಒಣ ಮುಖಕ್ಕೆ ಹಚ್ಚಿದರೆ ನುಣುಪೇನೋ ಬರುತ್ತದೆ, ಒಳಗಿನ ಬಿಗಿತ ಹೋಗುವುದಿಲ್ಲ.

ಸರಿಯಾದ ಕ್ರಮ ಹೀಗೆ: ಮುಖ ತೊಳೆದು, ಟವೆಲ್ ಒತ್ತಿ ನೀರಿಳಿಸಿ, ಚರ್ಮ ಇನ್ನೂ ತಣ್ಣಗೆ ಹಸಿಹಸಿಯಾಗಿರುವಾಗಲೇ, ನೀರನ್ನು ಹಿಡಿದಿಡುವ ಗ್ಲಿಸರಿನ್ ಅಥವಾ ಹಯಲುರಾನಿಕ್ ಆಮ್ಲವಿರುವ ಸೀರಮ್ ಹಚ್ಚಬೇಕು. ಅದು ಪೂರ್ತಿ ಆರುವ ಮೊದಲು ಎಣ್ಣೆ. ಇಡೀ ಮುಖಕ್ಕೆ 2-3 ಹನಿ ಸಾಕು, ಕುತ್ತಿಗೆಗೆ ಇನ್ನೊಂದು. ಅಂಗೈಗೆ ಹಾಕಿಕೊಂಡು, ಎರಡೂ ಕೈ ಒಮ್ಮೆ ಉಜ್ಜಿ, ಮುಖಕ್ಕೆ ಒತ್ತಿ ಒತ್ತಿ ಹಚ್ಚಿ. ಎಳೆದು ತಿಕ್ಕಿದರೆ ಕೆಳಗಿನ ಸೀರಮ್ ಉಂಡೆಯುಂಡೆಯಾಗಿ ಏಳುತ್ತದೆ. ಕ್ರೀಮ್ ಬಳಸುವವರು ಕ್ರೀಮಿನ ಮೇಲೆ ಎಣ್ಣೆ ಹಚ್ಚಬಹುದು, ಇಲ್ಲವೇ ಅಂಗೈಯಲ್ಲೇ ಕ್ರೀಮಿಗೆ ಒಂದು ಹನಿ ಬೆರೆಸಿಕೊಳ್ಳಬಹುದು.

ಪ್ರಮಾಣ ಸರಿಯಾಯಿತೇ ಎಂದು ತಿಳಿಯಲು ಐದು ನಿಮಿಷ ಬಿಟ್ಟು ಕೆನ್ನೆಗೆ ಟಿಶ್ಯೂ ಪೇಪರ್ ಒತ್ತಿ ನೋಡಿ. ಸಣ್ಣ ಮಬ್ಬು ಕಲೆ ಬಿದ್ದರೆ ಸರಿ. ಕಾಗದ ಪಾರದರ್ಶಕವಾಗುವಷ್ಟು ಎಣ್ಣೆ ಹೀರಿದರೆ ಮುಂದಿನ ಸಲ ಒಂದು ಹನಿ ಕಡಿಮೆ ಮಾಡಿ. ದಿನಕ್ಕೊಮ್ಮೆ ಮೂರು ಹನಿಯಂತೆ 30 ಮಿ.ಲೀ. ಬಾಟಲಿ ಎಂಟು-ಒಂಬತ್ತು ತಿಂಗಳು ಬರುತ್ತದೆ. ಎರಡೇ ತಿಂಗಳಿಗೆ ಮುಗಿಯುತ್ತಿದ್ದರೆ ಸುರಿದುಕೊಳ್ಳುತ್ತಿದ್ದೀರಿ ಎಂದೇ ಅರ್ಥ.

ಕೊಳ್ಳುವಾಗ ಹೆಸರನ್ನು ಗಮನವಿಟ್ಟು ಓದಿ. ಸ್ಕ್ವಾಲೀನ್ (squalene) ಬೇರೆ, ಸ್ಕ್ವಾಲೇನ್ (squalane) ಬೇರೆ. ಸ್ಕ್ವಾಲೀನ್ ನಮ್ಮ ಚರ್ಮದ ಜಿಡ್ಡಿನಲ್ಲೇ ಸುಮಾರು ಶೇ. 12ರಷ್ಟಿದೆ. ಆದರೆ ಅದರ ಅಣುವಿನಲ್ಲಿ ಆರು ದ್ವಿಬಂಧಗಳು, ಅಂದರೆ ಆಮ್ಲಜನಕ ಸುಲಭವಾಗಿ ಹಿಡಿಯುವ ಜೋಡಿ ಕೊಂಡಿಗಳು, ಇರುವುದರಿಂದ ಗಾಳಿ, ಬಿಸಿಲು ತಾಗಿದರೆ ಬೇಗ ಕೆಡುತ್ತದೆ. ಹಾಗೆ ಕೆಟ್ಟ ಸ್ಕ್ವಾಲೀನ್ ರಂಧ್ರ ಕಟ್ಟಿಸುವ ಗುಣದ್ದು. ಹೈಡ್ರೋಜನ್ ಸೇರಿಸಿ ಆ ದ್ವಿಬಂಧಗಳನ್ನೆಲ್ಲ ಇಲ್ಲವಾಗಿಸಿದರೆ ಸಿಗುವುದೇ ಸ್ಕ್ವಾಲೇನ್. ಬಣ್ಣವಿಲ್ಲ, ವಾಸನೆಯಿಲ್ಲ, ಬಾಟಲಿ ತೆರೆದು ತಿಂಗಳುಗಳಾದರೂ ಕಮಟು ಹಿಡಿಯುವುದಿಲ್ಲ. ಇದರ ಬಗ್ಗೆ ನನಗಿರುವ ಮೆಚ್ಚುಗೆಯಲ್ಲಿ ಅರ್ಧಪಾಲು ಈ ಗುಣಕ್ಕೇ ಸಲ್ಲಬೇಕು. ಹಿಂದೆ ಇದನ್ನು ಹೆಚ್ಚಾಗಿ ಶಾರ್ಕ್ ಮೀನಿನ ಯಕೃತ್ತಿನಿಂದ ತೆಗೆಯುತ್ತಿದ್ದರು. ಈಗ ಆಲಿವ್ ಅಥವಾ ಕಬ್ಬಿನ ಸಕ್ಕರೆಯಿಂದ ತಯಾರಾದದ್ದು ಸುಲಭವಾಗಿ ಸಿಗುತ್ತದೆ. ಲೇಬಲ್ ಮೇಲೆ ಮೂಲ ಬರೆದಿರುವುದನ್ನೇ ಕೊಳ್ಳಿ. ಪದಾರ್ಥಗಳ ಪಟ್ಟಿಯಲ್ಲಿ ಸ್ಕ್ವಾಲೇನ್ ಎಂಬ ಒಂದೇ ಹೆಸರಿರಬೇಕು. ಸುಗಂಧ ಬೆರೆತಿದ್ದರೆ ಸೂಕ್ಷ್ಮ ಚರ್ಮದವರು ಮುಟ್ಟದಿರುವುದೇ ಒಳ್ಳೆಯದು.

ಜಿಡ್ಡು ಚರ್ಮದವರು ಎಣ್ಣೆ ಎಂದ ಕೂಡಲೇ ಹೆದರುತ್ತಾರೆ. ಇದು ತೆಂಗಿನೆಣ್ಣೆಯಂತೆ ದಪ್ಪಗೆ ಮೇಲೆ ಕೂರುವುದಿಲ್ಲ, ರಂಧ್ರ ಕಟ್ಟಿಸುವ ಸಾಧ್ಯತೆಯೂ ಕಡಿಮೆ. ಕೊಬ್ಬಿನಾಮ್ಲಗಳಿಲ್ಲದ ಕಾರಣ ಮಲಸೀಜಿಯಾ ಶಿಲೀಂಧ್ರಕ್ಕೆ ಆಹಾರವಾಗುವುದಿಲ್ಲ. ಈ ಶಿಲೀಂಧ್ರದಿಂದ ಹಣೆ ಮೇಲೆ ತುರಿಸುವ ಸಣ್ಣ ಗುಳ್ಳೆಗಳ ಕಾಟವಿರುವವರಿಗೆ ಇದು ದೊಡ್ಡ ಸಮಾಧಾನ. ಆದರೂ ಕಿವಿಯ ಹಿಂದೆ ಒಂದು ವಾರ ಹಚ್ಚಿ ನೋಡಿಯೇ ಮುಖಕ್ಕೆ ತನ್ನಿ. ರಾತ್ರಿ ಸನ್‌ಸ್ಕ್ರೀನ್ ಸರಿಯಾಗಿ ತೊಳೆಯದೆ ಅದರ ಮೇಲೆ ಎಣ್ಣೆ ಹಚ್ಚಿ ಮಲಗಿ, ಮೊಡವೆ ಬಂದಾಗ ಎಣ್ಣೆಯನ್ನು ದೂರುವುದು ಸರಿಯಲ್ಲ.

ರೆಟಿನಾಲ್ (ಸುಕ್ಕು, ಮೊಡವೆಗೆ ಹಚ್ಚುವ ವಿಟಮಿನ್ ಎ ರೂಪ) ಶುರುಮಾಡಿ ಮೂಗಿನ ಪಕ್ಕ, ತುಟಿಯ ಅಂಚು ಸಿಪ್ಪೆ ಏಳುತ್ತಿದ್ದರೆ, ಮೊದಲು ಆ ಜಾಗಗಳಿಗೆ ಮಾತ್ರ ಅರ್ಧ ಹನಿ ಸವರಿ, ಆಮೇಲೆ ರೆಟಿನಾಲ್ ಹಚ್ಚಿ. ಉರಿ ಗಮನಾರ್ಹವಾಗಿ ತಗ್ಗುತ್ತದೆ.

ಹಗಲಿನ ಬಳಕೆಯಲ್ಲಿ ತೊಂದರೆ ಇರುವುದು ಸನ್‌ಸ್ಕ್ರೀನ್ ಜೊತೆ. ಬಿಸಿಲು ತಡೆಯುವ ಶಕ್ತಿ ಈ ಎಣ್ಣೆಗೆ ಇಲ್ಲ. ಸನ್‌ಸ್ಕ್ರೀನಿನ ಮೇಲೆ ಹಚ್ಚಿದರಂತೂ ಅದರ ಪದರವೇ ಕದಡಿಹೋಗುತ್ತದೆ. ಬೆಳಿಗ್ಗೆ ಹಚ್ಚಲೇಬೇಕೆಂದರೆ ಒಂದೇ ಹನಿ, ಸನ್‌ಸ್ಕ್ರೀನಿಗೆ ಹತ್ತು-ಹದಿನೈದು ನಿಮಿಷ ಮೊದಲು. ನೀರು ಆಧಾರಿತ ಫೌಂಡೇಶನ್ ಕೆಳಗೆ ಆ ಒಂದು ಹನಿಯೂ ಜಾರುತ್ತದೆ. ನಾನಂತೂ ರಾತ್ರಿಗಷ್ಟೇ ಶಿಫಾರಸು ಮಾಡುತ್ತೇನೆ.

ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿಡಿ. ಅಡ್ಡ ಮಲಗಿಸಿದರೆ ಎಣ್ಣೆ ಡ್ರಾಪರಿನ ರಬ್ಬರಿಗೆ ತಾಗಿ, ಕ್ರಮೇಣ ರಬ್ಬರ್ ಉಬ್ಬಿ ಅಂಟಂಟಾಗುತ್ತದೆ. ಡ್ರಾಪರನ್ನು ಚರ್ಮಕ್ಕೆ ಮುಟ್ಟಿಸಬೇಡಿ. ಮಿಕ್ಕ ಒಂದು ಹನಿಯನ್ನು ಉಗುರಿನ ಬುಡಕ್ಕೂ ಕೂದಲಿನ ತುದಿಗೂ ಸವರಿಕೊಳ್ಳಬಹುದು.

ಚರ್ಮ ಬಿರುಕು ಬಿಟ್ಟು ನೋಯುತ್ತಿದ್ದರೆ ಇದೊಂದೇ ಸಾಲದು. ಹಿಮ್ಮಡಿಗೆ, ಒಡೆದ ಕೈಗೆ ಯೂರಿಯಾ ಇರುವ ಕ್ರೀಮ್ ಹಚ್ಚಿ, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿ. ನೀರು ಆರುವುದನ್ನು ತಡೆಯುವುದರಲ್ಲಿ ಜೆಲ್ಲಿಗೆ ಸ್ಕ್ವಾಲೇನ್ ಸಮನಲ್ಲ. ಬಿರುಕಿನಲ್ಲಿ ರಕ್ತ ಬಂದರೆ, ಕೀವು ಕಂಡರೆ ಚರ್ಮವೈದ್ಯರಿಗೆ ತೋರಿಸಿ.